ದೂರಸ್ಥ ಗಣಕದ ಕಿಟಕಿಯನ್ನು ನಮ್ಮ ತೆರೆಯ ಮೇಲೆ ಕಾಣುವ ವಿಧಾನ: ಒಂದು ವಿವೇಚನೆ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿಯಿಂದ ನಮ್ಮ ಅಧ್ಯಯನಕ್ಕೆ ಒದಗಿರುವ ಸೌಕರ್ಯವು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರ ಜೊತೆಗೇ ಬಂದ ತೊಡಕೊಂದನ್ನು ಮೊದಲು ಲೆಕ್ಕಮಾಡಿ ನೋಡೋಣ. ಹದಿನೆಂಟು ಅಂಗುಲ ಉದ್ದವೂ ಎರಡು ಅಂಗುಲ ಅಗಲವೂ ಇರುವ ಒಂದು ತಾಳೆಗರಿಯನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಚಿತ್ರಿಸಿದರೆ ಉದ್ದಕ್ಕೆ ೧೦,೮೦೦, ಅಗಲಕ್ಕೆ ೧,೨೦೦ ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ ಮೂರು ಬೈಟ್‌ಗಳಂತೆ ಗಣಿಸಿದರೆ ಗರಿಯ ಒಂದು ಮಗ್ಗುಲಿಗೆ ಸುಮಾರು ೩೯ ಮೆಗಾಬೈಟ್. ಇಂತಹ ಇನ್ನೂರು ಗರಿಗಳ ಒಂದು ಕಟ್ಟಿಗೆ ನಾನೂರು ಮಗ್ಗುಲುಗಳು. ಒಟ್ಟು ಹದಿನೈದೂವರೆ ಗಿಗಾಬೈಟ್. ಒಂದು ಪಾಠಾಂತರವನ್ನು ನಿಶ್ಚಯಿಸಲು ಮೂರು ಪ್ರತಿಗಳನ್ನು ಹೋಲಿಸಬೇಕೆಂದರೆ ಇದರ ಮೂರು ಮಡಿ. ಸಂಗ್ರಹವಿರುವ ಊರೊಂದು, ಸಂಪಾದಕನಿರುವ ಊರು ಮತ್ತೊಂದು ಆದಾಗ ಇಷ್ಟನ್ನೂ ತಂತಿಯ ಮೂಲಕ ತರಿಸಿಕೊಳ್ಳುವುದು ದಿನಗಟ್ಟಲೆಯ ಕೆಲಸವಾಗಬಹುದು. ತರಿಸಿಕೊಳ್ಳಲು ಸಂಗ್ರಹದವರ ಅನುಮತಿಯೇ ಇಲ್ಲದಿರುವುದೂ ಉಂಟು.

ಹೀಗಿರುವಲ್ಲಿ ಉಳಿದ ಮಾರ್ಗ ಒಂದೇ. ಚಿತ್ರಗಳು ಇದ್ದಲ್ಲಿಯೇ ಇರಲಿ. ಅವುಗಳನ್ನು ತೆರೆದು ನೋಡುವ ತಂತ್ರಾಂಶವೂ ಅಲ್ಲಿಯ ಗಣಕದಲ್ಲಿಯೇ ನಡೆಯಲಿ. ಅದರ ಕಿಟಕಿ ಮಾತ್ರ ನಮ್ಮ ಮೇಜಿನ ತೆರೆಯ ಮೇಲೆ ಕಾಣಲಿ, ನಾವು ಒತ್ತಿದ ಕೀಲಿ, ಸರಿಸಿದ ಮೌಸ್ ಅಲ್ಲಿಗೆ ಮುಟ್ಟಲಿ. ಈ ವ್ಯವಸ್ಥೆ ಲಿನಕ್ಸ್ ಮೊದಲಾದ ಯುನಿಕ್ಸ್ ಸಂಪ್ರದಾಯದ ಗಣಕಗಳಲ್ಲಿ ಹಿಂದಿನಿಂದಲೂ ಇದೆ. ಅದು ಹೇಗೆ ನಡೆಯುತ್ತದೆ, ಅದರಲ್ಲಿ ಯಾವುದು ಸುರಕ್ಷಿತ, ಯಾವುದು ಅಲ್ಲ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಈ ವ್ಯವಸ್ಥೆಯ ಮೂಲ ಎಕ್ಸ್ ವಿಂಡೋ ಸಿಸ್ಟಮ್. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೮೩ರಲ್ಲಿ ಆರಂಭವಾದ ಅಥೀನಾ ಯೋಜನೆಗೆ, ಬೇರೆಬೇರೆ ಕಂಪನಿಗಳ ಯಂತ್ರಗಳಲ್ಲಿ ಒಂದೇ ರೀತಿಯಾಗಿ ಕಿಟಕಿಗಳನ್ನು ತೋರಿಸಬಲ್ಲ ಸಾಧನವೊಂದು ಬೇಕಾಗಿತ್ತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ೧೯೮೪ರಲ್ಲಿ ಇದನ್ನು ರೂಪಿಸಿದರು. ಇದಕ್ಕೆ ಆಧಾರವಾದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಲ್ ಅಸೆಂಟೆ ಮತ್ತು ಬ್ರಯನ್ ರೀಡ್ ರಚಿಸಿದ್ದ ಡಬ್ಲ್ಯೂ ಎಂಬ ವ್ಯವಸ್ಥೆ. ಆಂಗ್ಲ ವರ್ಣಮಾಲೆಯಲ್ಲಿ ಆ ಅಕ್ಷರದ ಮುಂದಿನದು ಎಕ್ಸ್. ಹೆಸರಿನ ರಹಸ್ಯ ಇಷ್ಟೇ. ೧೯೮೭ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಹನ್ನೊಂದನೆಯ ಆವೃತ್ತಿಯ ನಿಯಮಾವಳಿಯೇ ಇಂದಿಗೂ ಬಳಕೆಯಲ್ಲಿದೆ. ಎಕ್ಸ್ ಹನ್ನೊಂದು ಎಂಬ ಹೆಸರು ಕಂಡಲ್ಲೆಲ್ಲ ಈ ಆವೃತ್ತಿ ಎಂದೇ ತಿಳಿಯತಕ್ಕದ್ದು.

ಇಲ್ಲಿ ಪರಿಭಾಷೆಯ ಒಂದು ವಿಪರ್ಯಾಸವನ್ನು ಗಮನಿಸದೆ ಮುಂದೆ ಹೋದರೆ ಉಳಿದುದೆಲ್ಲ ಗೊಂದಲವಾಗುತ್ತದೆ. ಲೋಕರೂಢಿಯಲ್ಲಿ ಸರ್ವರ್ ಎಂದರೆ ದೂರದಲ್ಲಿರುವ ದೊಡ್ಡ ಯಂತ್ರ. ಕ್ಲೈಂಟ್ ಎಂದರೆ ಅದರಿಂದ ಸೇವೆ ಪಡೆಯುವ ನಮ್ಮ ಯಂತ್ರ. ಎಕ್ಸ್ ವ್ಯವಸ್ಥೆಯಲ್ಲಿ ಇದು ತಿರುವುಮುರುವು. ತೆರೆ, ಕೀಲಿಮಣೆ, ಮೌಸ್ ಈ ಮೂರನ್ನೂ ಕೈಯಲ್ಲಿಟ್ಟುಕೊಂಡು, ಕೇಳಿದವರಿಗೆ ಅವುಗಳ ಸೇವೆಯನ್ನು ಒದಗಿಸುವ ತಂತ್ರಾಂಶವೇ ಸರ್ವರ್. ಅದು ಇರುವುದು ನಮ್ಮ ಮೇಜಿನ ಮೇಲೆ. ಇಲ್ಲೊಂದು ಕಿಟಕಿ ತೆರೆ, ಇಲ್ಲೊಂದು ಗೆರೆ ಎಳೆ, ಯಾವ ಕೀಲಿ ಒತ್ತಿದರೆಂದು ತಿಳಿಸು ಎಂದು ಬೇಡುವ ತಂತ್ರಾಂಶವು ಕ್ಲೈಂಟ್. ಅದು ನೂರು ಹರದಾರಿ ದೂರದ ಯಂತ್ರದಲ್ಲಿದ್ದರೂ ಕ್ಲೈಂಟೇ. ಬಹಳ ಮಂದಿ ಇದನ್ನು ಅಪಪ್ರಯೋಗವೆಂದು ಭಾವಿಸುತ್ತಾರೆ. ಪ್ರಕೃತ ಲೇಖಕನಿಗೆ ಹಾಗೆನಿಸದು. ಬಾಗಿಲು ನಮ್ಮದು, ಅದನ್ನು ತೆರೆಯುವವರು ನಾವು, ಒಳಗೆ ಬರುವವನು ದೂರದ ತಂತ್ರಾಂಶ ಎಂಬ ನಿಜವನ್ನು ಈ ಪದಪ್ರಯೋಗವು ಸರಿಯಾಗಿಯೇ ಸೂಚಿಸುತ್ತದೆ. ಮುಂದೆ ರಕ್ಷಣೆಯ ವಿಷಯ ಬಂದಾಗ ಈ ಅರ್ಥವೇ ಪ್ರಯೋಜನಕ್ಕೆ ಬರುವುದು.

ಮೊದಲ ದಿನಗಳಲ್ಲಿ ಈ ಸಂಪರ್ಕ ತೆರೆದ ಬಯಲಿನಲ್ಲಿ ನಡೆಯುತ್ತಿತ್ತು. ದೂರದ ಯಂತ್ರಕ್ಕೆ ಟೆಲ್ನೆಟ್ ಮೂಲಕ ಹೋಗುವುದು, ಡಿಸ್ಪ್ಲೇ ಎಂಬ ಹೆಸರಿನ ಚರಾಂಶದಲ್ಲಿ ನಮ್ಮ ಯಂತ್ರದ ವಿಳಾಸವನ್ನು ಬರೆಯುವುದು, ಅಲ್ಲಿಂದ ತಂತ್ರಾಂಶವನ್ನು ಆರಂಭಿಸುವುದು, ಇದು ಕ್ರಮ. ನಮ್ಮ ತೆರೆಯ ಸರ್ವರ್ ೬೦೦೦ ಎಂಬ ಸಂಖ್ಯೆಯ ದ್ವಾರದಲ್ಲಿ ಕಾದಿರುತ್ತಿತ್ತು. ಯಾರನ್ನು ಒಳಗೆ ಬಿಡಬೇಕೆಂಬುದನ್ನು ಎಕ್ಸ್‌ಹೋಸ್ಟ್ ಎಂಬ ಆಜ್ಞೆ ನಿರ್ಣಯಿಸುತ್ತಿತ್ತು. ಅದರ ಮುಂದೆ ಒಂದು ಕೂಡುಚಿಹ್ನೆಯನ್ನು ಮಾತ್ರ ಬರೆದರೆ ಬಂದವರೆಲ್ಲರಿಗೂ ಪ್ರವೇಶ! ಅವಸರದಲ್ಲಿ ಹಾಗೆ ಬರೆದವರ ಸಂಖ್ಯೆ ಸಣ್ಣದಲ್ಲ. ಗುಪ್ತಪದವಾಗಲಿ, ಒತ್ತಿದ ಕೀಲಿಯಾಗಲಿ ಯಾವ ಮರೆಯೂ ಇಲ್ಲದೆ ತಂತಿಯಲ್ಲಿ ಹರಿಯುತ್ತಿದ್ದುದರಿಂದ ನಡುದಾರಿಯಲ್ಲಿ ಕಿವಿಗೊಟ್ಟವನಿಗೆ ಎಲ್ಲವೂ ಕೇಳಿಸುತ್ತಿತ್ತು.

೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹದೇ ಗುಪ್ತಪದಗಳ ಕಳವು ಸಂಭವಿಸಿತು. ಅಲ್ಲಿ ಸಂಶೋಧಕರಾಗಿದ್ದ ತಾತು ಯೂಲೊನೆನ್ ಆ ವರ್ಷವೇ ಎಸ್‌ಎಸ್‌ಎಚ್ ಎಂಬ ತಂತ್ರಾಂಶವನ್ನು ರಚಿಸಿ ಪ್ರಕಟಿಸಿದರು. ಎರಡು ಯಂತ್ರಗಳ ನಡುವಣ ಮಾತನ್ನೆಲ್ಲ ಗೂಢಲಿಪಿಗೆ ತಿರುಗಿಸುವುದು, ಎದುರಿನ ಯಂತ್ರವು ತಾನು ಹೇಳಿಕೊಳ್ಳುವ ಯಂತ್ರವೇ ಹೌದೇ ಎಂದು ಪರೀಕ್ಷಿಸುವುದು, ಇವೆರಡು ಇದರ ಮುಖ್ಯ ಕಾರ್ಯ. ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವುದು ೧೯೯೯ರಲ್ಲಿ ಆರಂಭವಾದ ಓಪನ್ ಎಸ್‌ಎಸ್‌ಎಚ್ ಶಾಖೆ. ಎರಡನೆಯ ಆವೃತ್ತಿಯ ನಿಯಮಾವಳಿ ೨೦೦೬ರಲ್ಲಿ ಅಂತರಜಾಲದ ಅಧಿಕೃತ ದಾಖಲೆಯಾಗಿ ಪ್ರಕಟವಾಯಿತು. ಎಕ್ಸ್ ಕಿಟಕಿಗಳನ್ನು ಸಾಗಿಸುವ ಕ್ರಮವೂ ಅದರಲ್ಲಿಯೇ ನಿರೂಪಿತವಾಗಿದೆ.

ಆ ಕ್ರಮ ಹೀಗೆ. ನಾವು ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಕಿಟಕಿಗಳನ್ನು ಸಾಗಿಸಬೇಕೆಂದು ಕೇಳಿಕೊಂಡರೆ, ಅಲ್ಲಿಯ ಎಸ್‌ಎಸ್‌ಎಚ್ ತನ್ನಲ್ಲಿಯೇ ಒಂದು ನಕಲಿ ತೆರೆಯನ್ನು ಕಲ್ಪಿಸುತ್ತದೆ. ಅದರ ಕ್ರಮಸಂಖ್ಯೆ ಸಾಮಾನ್ಯವಾಗಿ ಹತ್ತರಿಂದ ಮೊದಲಾಗುತ್ತದೆ; ಮೊದಲು ಬಂದವರಿಗೆ ಹತ್ತು, ಅವರಿರುವಾಗಲೇ ಬಂದ ಮತ್ತೊಬ್ಬರಿಗೆ ಹನ್ನೊಂದು. ಹತ್ತನೆಯ ತೆರೆಯ ದ್ವಾರಸಂಖ್ಯೆ ೬೦೧೦. ಅದು ಆ ಯಂತ್ರದ ಒಳಗಿನವರಿಗೆ ಮಾತ್ರ ತೆರೆದಿರುತ್ತದೆ. ಅಲ್ಲಿಯ ತಂತ್ರಾಂಶವು ತನ್ನ ಯಂತ್ರದಲ್ಲಿಯೇ ಇರುವ ತೆರೆಯೊಂದಕ್ಕೆ ಬರೆಯುತ್ತಿರುವೆನೆಂದು ಭಾವಿಸುತ್ತದೆ. ಬರೆದುದೆಲ್ಲ ಗೂಢಲಿಪಿಯಾಗಿ ಸುರಂಗಮಾರ್ಗದಲ್ಲಿ ಬಂದು, ನಮ್ಮ ಕಡೆ ಮೂಲರೂಪಕ್ಕೆ ಮರಳಿ, ನಮ್ಮ ತೆರೆಯ ಸರ್ವರಿಗೆ ಮುಟ್ಟುತ್ತದೆ.

ತೆರೆಯ ಸರ್ವರ್ ಬಂದವರನ್ನು ಗುರುತಿಸುವುದು ೧೨೮ ಬಿಟ್‌ಗಳ ಒಂದು ರಹಸ್ಯ ಸಂಖ್ಯೆಯಿಂದ. ಮ್ಯಾಜಿಕ್ ಕುಕೀ ಎಂಬ ವಿನೋದದ ಹೆಸರು ಅದಕ್ಕಿದೆ. ಈ ಮುದ್ರೆಯನ್ನು ದೂರದ ಯಂತ್ರಕ್ಕೆ ಕಳುಹಿಸಿಬಿಟ್ಟರೆ ಅದು ಅಲ್ಲಿಯೇ ಉಳಿದು ಮುಂದೆಂದಾದರೂ ದುರುಪಯೋಗವಾಗಬಹುದು. ಆದುದರಿಂದ ನಮ್ಮ ಎಸ್‌ಎಸ್‌ಎಚ್ ಒಂದು ಹುಸಿ ಮುದ್ರೆಯನ್ನು ಸೃಷ್ಟಿಸಿ ಅದನ್ನು ಕಳುಹಿಸುತ್ತದೆ. ದೂರದ ತಂತ್ರಾಂಶವು ಆ ಹುಸಿ ಮುದ್ರೆಯನ್ನು ತೋರಿಸಿ ಬಂದಾಗ, ಬಾಗಿಲ ಬಳಿ ಅದನ್ನು ತೆಗೆದು ನಿಜಮುದ್ರೆಯನ್ನು ಇಟ್ಟು ಒಳಗೆ ಬಿಡುತ್ತದೆ. ಸಂಪರ್ಕ ಮುಗಿದೊಡನೆ ಹುಸಿ ಮುದ್ರೆ ನಿರರ್ಥಕ. ರಚನೆಯ ಈ ಅಂಶ ನಿಜವಾಗಿ ಶ್ಲಾಘ್ಯವಾದುದು.

ಪ್ರಯೋಗಕ್ಕೆ ಬೇಕಾದುದು ಸ್ವಲ್ಪವೇ. ಎಸ್‌ಎಸ್‌ಎಚ್ ಆಜ್ಞೆಯ ಮುಂದೆ ಕಿರುಗೆರೆಯೊಡನೆ ದೊಡ್ಡಕ್ಷರದ ಎಕ್ಸ್ ಬರೆದು, ಬಳಿಕ ಬಳಕೆದಾರನ ಹೆಸರು ಮತ್ತು ಯಂತ್ರದ ವಿಳಾಸವನ್ನು ಬರೆಯುವುದು. ಸಣ್ಣಕ್ಷರದ ಎಕ್ಸ್ ಬರೆದರೆ ಅರ್ಥ ವಿಪರೀತ, ಕಿಟಕಿ ಬೇಡವೆಂದಾಗುತ್ತದೆ. ಪ್ರವೇಶಿಸಿದ ಮೇಲೆ ಡಿಸ್ಪ್ಲೇ ಚರಾಂಶದ ಬೆಲೆ ಏನೆಂದು ಕೇಳಿದರೆ ಲೋಕಲ್‌ಹೋಸ್ಟ್ ಎಂಬ ಪದದ ಮುಂದೆ ಹತ್ತು ಅಥವಾ ಅದಕ್ಕೂ ಮೇಲಿನ ಸಂಖ್ಯೆ ಕಾಣಬೇಕು. ಏನೂ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಅಲ್ಲಿಯ ಆಡಳಿತಗಾರರು ಕಿಟಕಿಗಳ ಸಾಗಣೆಗೆ ಅನುಮತಿ ಕೊಟ್ಟಿಲ್ಲ, ಅಥವಾ ಮುದ್ರೆಗಳನ್ನು ನೋಡಿಕೊಳ್ಳುವ ಎಕ್ಸ್‌ಆಥ್ ತಂತ್ರಾಂಶ ಅಲ್ಲಿಲ್ಲ. ಓಪನ್ ಎಸ್‌ಎಸ್‌ಎಚ್‌ನ ಮೂಲದಲ್ಲಿ ಈ ಅನುಮತಿ ಇಲ್ಲವೆಂದೇ ಇರುತ್ತದೆ. ಡೆಬಿಯನ್ ಮೊದಲಾದ ಕೆಲವು ವಿತರಣೆಗಳು ಅದನ್ನು ಉಂಟೆಂದು ತಿದ್ದಿ ಕೊಡುತ್ತವೆ. ನಮ್ಮ ಕಡೆಯ ಯಂತ್ರ ವಿಂಡೋಸ್ ಆಗಿದ್ದರೆ ವಿಸಿಎಕ್ಸ್‌ಎಸ್‌ಆರ್‌ವಿ ಅಥವಾ ಎಕ್ಸ್‌ಮಿಂಗ್, ಮ್ಯಾಕ್ ಆಗಿದ್ದರೆ ಎಕ್ಸ್‌ಕ್ವಾರ್ಟ್ಜ್ ಎಂಬ ತೆರೆಯ ಸರ್ವರನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕು.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. ಮಾರ್ಗವೆಲ್ಲ ಗೂಢಲಿಪಿಯಿಂದ ಆವೃತವಾಗಿದೆ, ಮುದ್ರೆಯೂ ಹುಸಿಯಾದುದು. ಅಂದಮೇಲೆ ಇನ್ನು ಭಯವೆಲ್ಲಿಯದು? ಸಮಾಧಾನವೇನೆಂದರೆ, ಗೂಢಲಿಪಿಯು ಕಾಯುವುದು ದಾರಿಯನ್ನು ಮಾತ್ರ. ದಾರಿಯ ಆ ತುದಿಯಲ್ಲಿರುವವನನ್ನು ಅದು ಕಾಯುವುದಿಲ್ಲ. ೧೯೮೪ರ ಕಾಲದ ಎಕ್ಸ್ ವ್ಯವಸ್ಥೆಯು ಒಳಗೆ ಬಂದ ಕ್ಲೈಂಟುಗಳನ್ನೆಲ್ಲ ಪರಸ್ಪರ ನಂಬಿಕಸ್ಥರೆಂದು ಭಾವಿಸಿ ರಚಿತವಾದುದು. ಒಮ್ಮೆ ಒಳಬಂದ ತಂತ್ರಾಂಶವು ನಾವು ಬೇರೊಂದು ಕಿಟಕಿಯಲ್ಲಿ ಒತ್ತುವ ಕೀಲಿಗಳನ್ನು ಓದಬಹುದು, ತೆರೆಯ ಮೇಲಿನ ಬೇರೆ ಕಿಟಕಿಗಳ ಚಿತ್ರ ತೆಗೆಯಬಹುದು, ನಾವು ಒತ್ತದ ಕೀಲಿಯನ್ನು ಒತ್ತಿದಂತೆ ನಟಿಸಬಹುದು. ಬ್ಯಾಂಕಿನ ಗುಪ್ತಪದವನ್ನು ನಾವು ನಮ್ಮ ಯಂತ್ರದ ಬ್ರೌಸರಿನಲ್ಲಿಯೇ ಬರೆಯುತ್ತಿದ್ದರೂ, ದೂರದ ಯಂತ್ರದ ಮೇಲೆ ಪೂರ್ಣಾಧಿಕಾರವುಳ್ಳವನು ಸುರಂಗದ ಮೂಲಕ ಅದನ್ನು ಅರಿಯಬಲ್ಲನು. ಹುಸಿ ಮುದ್ರೆಯು ಸಂಪರ್ಕವಿರುವವರೆಗೆ ನಿಜಮುದ್ರೆಯ ಕೆಲಸವನ್ನೇ ಮಾಡುತ್ತದೆ. ಆ ಮುದ್ರೆ ಇರುವ ಕಡತ ಅಲ್ಲಿಯ ನಮ್ಮ ಮನೆಕೋಶದಲ್ಲಿರುತ್ತದೆ. ಅದನ್ನು ಓದಬಲ್ಲವರೆಲ್ಲರೂ ನಮ್ಮ ತೆರೆಗೆ ಬರಬಲ್ಲರು.

ಇದು ಗ್ರಂಥದಿಂದ ಓದಿ ಹೇಳಿದ ಮಾತಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಗ್ರಹದ ಗಣಕಕ್ಕೆ ನಾನು ಈ ರೀತಿ ಪ್ರವೇಶಿಸಿ ಗರಿಗಳನ್ನು ನೋಡುತ್ತಿದ್ದೆ. ಅಲ್ಲಿ ಹೊರಗಿನ ಓದುಗರೆಲ್ಲರಿಗೂ ಸೇರಿ ಒಂದೇ ಬಳಕೆದಾರನ ಹೆಸರು, ಒಂದೇ ಗುಪ್ತಪದ. ಒಂದು ಮಧ್ಯಾಹ್ನ ನನ್ನ ತೆರೆಯ ಮೇಲೆ ನಾನು ಕೇಳದ ಕಟ್ಟೊಂದರ ಹದಿನೇಳನೆಯ ಗರಿ ತಾನಾಗಿ ತೆರೆದುಕೊಂಡಿತು. ಮುಚ್ಚಿದೆ. ಮತ್ತೆ ತೆರೆದುಕೊಂಡಿತು. ಮೂರನೆಯ ಬಾರಿ ಮುಚ್ಚಿದ ಬಳಿಕ ದೂರವಾಣಿ ಮಾಡಿ ವಿಚಾರಿಸಿದಾಗ ತಿಳಿದುದು ಇದು: ಹಿಂದೆ ಯಾರಿಗೋ ತೆರೆ ಸಿಗುತ್ತಿಲ್ಲವೆಂಬ ದೋಷಸೂಚನೆ ಬಂದಿತ್ತು, ಅದನ್ನು ನಿವಾರಿಸಲು ಪ್ರವೇಶಕಾಲದಲ್ಲಿ ಓದಲ್ಪಡುವ ಕಡತದಲ್ಲಿ ಡಿಸ್ಪ್ಲೇ ಚರಾಂಶದ ಬೆಲೆ ಹತ್ತೆಂದು ಕೈಯಾರೆ ಬರೆದಿಟ್ಟಿದ್ದರು. ಅಂದು ಮೊದಲು ಪ್ರವೇಶಿಸಿದವನು ನಾನಾದುದರಿಂದ ಹತ್ತನೆಯ ತೆರೆ ನನ್ನದು. ಆಮೇಲೆ ಬಂದ ಬೇರೊಬ್ಬ ವಿದ್ವಾಂಸರಿಗೆ ಎಸ್‌ಎಸ್‌ಎಚ್ ಹನ್ನೊಂದನೆಯದನ್ನು ಕೊಟ್ಟಿದ್ದರೂ ಈ ಸಾಲು ಅದನ್ನು ಅಳಿಸಿ ಹತ್ತೆಂದು ಮಾಡಿತು. ಮನೆಕೋಶ ಒಂದೇ ಆದುದರಿಂದ ನನ್ನ ಮುದ್ರೆಯೂ ಅವರಿಗೆ ಲಭ್ಯವಾಯಿತು. ಪಾಪ, ಅವರು ತಮ್ಮ ಊರಿನಲ್ಲಿ ಕುಳಿತು, ಗರಿ ಯಾಕೆ ಕಾಣುತ್ತಿಲ್ಲವೆಂದು ಮತ್ತೆ ಮತ್ತೆ ಆಜ್ಞೆ ಕೊಡುತ್ತಿದ್ದರು. ಅವರದು ನಿರ್ದೋಷವಾದ ಪ್ರಮಾದ. ಆದರೆ ಅದೇ ದಾರಿಯಲ್ಲಿ ಕೀಲಿ ಕದಿಯುವ ತಂತ್ರಾಂಶವೂ ಬರಬಹುದಾಗಿತ್ತು. ಆಗ ಯಾವ ಕಿಟಕಿಯೂ ತೆರೆದುಕೊಳ್ಳುತ್ತಿರಲಿಲ್ಲ, ನನಗೆ ತಿಳಿಯುತ್ತಲೂ ಇರಲಿಲ್ಲ. ಆ ದಿನ ಆ ಯಂತ್ರದಲ್ಲಿ ನಾನು ದೊಡ್ಡಕ್ಷರದ ವೈ ಬಳಸಿ ಪ್ರವೇಶಿಸಿದ್ದೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಆ ಎರಡು ಅಕ್ಷರಗಳ ಭೇದ ಹೀಗಿದೆ. ಎಕ್ಸ್ ಎಂದು ಬರೆದರೆ ದೂರದ ತಂತ್ರಾಂಶವನ್ನು ಅವಿಶ್ವಸ್ತವೆಂದು ಗಣಿಸಿ, ಇತರ ಕಿಟಕಿಗಳನ್ನು ನೋಡದಂತೆಯೂ ಅವುಗಳ ಕೀಲಿಗಳನ್ನು ಓದದಂತೆಯೂ ನಿರ್ಬಂಧಿಸಲಾಗುತ್ತದೆ. ವೈ ಎಂದು ಬರೆದರೆ ವಿಶ್ವಸ್ತವೆಂದು ಗಣಿಸಿ ಎಲ್ಲ ಅಧಿಕಾರವನ್ನೂ ಕೊಡಲಾಗುತ್ತದೆ. ನಿರ್ಬಂಧವಿರುವಾಗ ಕೆಲವು ತಂತ್ರಾಂಶಗಳು ನಡುವೆ ಕುಸಿಯುತ್ತವೆ, ನಕಲಿಸಿ ಅಂಟಿಸುವ ಸೌಕರ್ಯ ಹಲವು ವೇಳೆ ಫಲಿಸದು. ಅಲ್ಲದೆ ೨೦ ನಿಮಿಷಗಳಾದ ಮೇಲೆ ಹೊಸ ಕಿಟಕಿಗಳಿಗೆ ಪ್ರವೇಶ ನಿರಾಕರಿಸಲ್ಪಡುತ್ತದೆ. ಬೆಳಗ್ಗೆ ಸರಿಯಾಗಿದ್ದುದು ಅರ್ಧ ಗಂಟೆಯಲ್ಲಿ ಕೆಟ್ಟಿತೆಂದು ಹಲವರು ದೂರುವುದಕ್ಕೆ ಈ ಕಾಲಮಿತಿಯೇ ಕಾರಣ. ಅದನ್ನು ನಮ್ಮ ಕಡೆಯ ವಿನ್ಯಾಸ ಕಡತದಲ್ಲಿ ಹೆಚ್ಚಿಸಿಕೊಳ್ಳಬಹುದು. ಈ ಕಿರುಕುಳ ತಾಳದೆ ಜನರು ವೈ ಅಕ್ಷರಕ್ಕೆ ಹೋಗುತ್ತಾರೆ. ಇನ್ನೊಂದು ಸೂಕ್ಷ್ಮ: ನಮ್ಮ ಯಂತ್ರ ಡೆಬಿಯನ್ ಅಥವಾ ಉಬುಂಟು ಆಗಿದ್ದರೆ, ಅವರ ಪೂರ್ವನಿಶ್ಚಿತ ವಿನ್ಯಾಸದಲ್ಲಿ ಎಕ್ಸ್ ಎಂದು ಬರೆದರೂ ವೈ ಎಂದೇ ಅರ್ಥವಾಗುತ್ತದೆ. ಎಚ್ಚರಿಕೆಯಿಂದ ಎಕ್ಸ್ ಬರೆದೆನೆಂಬ ಸಮಾಧಾನ ಅಲ್ಲಿ ನಿಲ್ಲದು. ತನ್ನದೇ ಯಂತ್ರಕ್ಕೆ, ಅಥವಾ ಆಡಳಿತಗಾರನನ್ನು ತಾನು ಪೂರ್ಣವಾಗಿ ನಂಬುವ ಯಂತ್ರಕ್ಕೆ ಮಾತ್ರ ವೈ. ಹತ್ತಾರು ಜನ ಬಳಸುವ ಯಂತ್ರಕ್ಕೆ ಹೋಗಿರುವಾಗ ತೆರೆಯ ಮೇಲೆ ಬೇರಾವ ಖಾಸಗಿ ಕೆಲಸವನ್ನೂ ಇಟ್ಟುಕೊಳ್ಳಬಾರದು. ಇದು ನನ್ನ ಅಭಿಪ್ರಾಯ.

ಮೊದಲ ಬಾರಿ ಸಂಪರ್ಕಿಸಿದಾಗ ಎಸ್‌ಎಸ್‌ಎಚ್ ಎದುರಿನ ಯಂತ್ರದ ಬೆರಳಚ್ಚನ್ನು ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಅದನ್ನು ಓದದೆ ಒಪ್ಪಿಗೆ ಕೊಡುವುದು ಪುಷ್ಪಿಕೆಯನ್ನು ಓದದೆ ಪ್ರತಿಯ ಕಾಲವನ್ನು ನಿರ್ಣಯಿಸಿದಂತೆ. ಸಂಗ್ರಹದವರಿಂದ ಆ ಬೆರಳಚ್ಚನ್ನು ದೂರವಾಣಿಯಲ್ಲಿಯೋ ಪತ್ರದಲ್ಲಿಯೋ ಮುಂಚೆಯೇ ಪಡೆದು ತಾಳೆನೋಡಬೇಕು.

ಕನ್ನಡ ಬಳಸುವವರಿಗೆ ಪ್ರತ್ಯೇಕವಾಗಿ ತಿಳಿಸಬೇಕಾದ ಒಂದು ವಿಷಯವಿದೆ. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಅಕ್ಷರಮಾದರಿಗಳು ತೆರೆಯ ಕಡೆ, ಅಂದರೆ ನಮ್ಮ ಯಂತ್ರದಲ್ಲಿ ಇರಬೇಕಾಗಿತ್ತು. ಈಗಿನ ತಂತ್ರಾಂಶಗಳು ಅಕ್ಷರಗಳನ್ನು ತಾವೇ ಚಿತ್ರವಾಗಿ ರಚಿಸಿ ಕಳುಹಿಸುವುದರಿಂದ ಅವು ದೂರದ ಯಂತ್ರದಲ್ಲಿ ಇರಬೇಕು. ನಮ್ಮಲ್ಲಿ ಹತ್ತು ಬಗೆಯ ಕನ್ನಡ ಅಕ್ಷರಮಾದರಿಗಳಿದ್ದರೂ ಅಲ್ಲಿ ಒಂದೂ ಇಲ್ಲದಿದ್ದರೆ ಕಡತಗಳ ಹೆಸರುಗಳು ಚೌಕಗಳಾಗಿ ಕಾಣುತ್ತವೆ. ಬರೆವಣಿಗೆಯ ಸ್ಥಿತಿ ಬೇರೆ. ಕೀಲಿವಿನ್ಯಾಸವು ತೆರೆಯ ಕಡೆಗೆ ಸೇರಿದುದು; ಎಕ್ಸ್ ವ್ಯವಸ್ಥೆಯ ವಿನ್ಯಾಸಗಳಲ್ಲಿ ಕಗಪವೂ ಉಂಟು; ಅದನ್ನು ನಮ್ಮಲ್ಲಿ ಆರಿಸಿಕೊಂಡರೆ ದೂರದ ಕಿಟಕಿಯಲ್ಲಿಯೂ ಕನ್ನಡ ಬರೆಯಬಹುದು. ಐಬಸ್ ಮೊದಲಾದ ಲಿಪಿಸಾಧನಗಳನ್ನು ಅವಲಂಬಿಸಿದವರಿಗೆ ಮಾತ್ರ ಅವು ದೂರದ ಯಂತ್ರದಲ್ಲಿಯೂ ನಡೆಯುತ್ತಿರಬೇಕಾಗುತ್ತದೆ.

ವೇಗದ ವಿಷಯದಲ್ಲಿ ಹೆಚ್ಚಿನ ಆಸೆ ಬೇಡ. ಇದಕ್ಕೆ ಕಾರಣಗಳು ಎರಡು. ತಂತ್ರಾಂಶವು ತೆರೆಯ ಸರ್ವರನ್ನು ಪ್ರಶ್ನೆಯೊಂದನ್ನು ಕೇಳಿ ಉತ್ತರಕ್ಕಾಗಿ ಕಾಯುವ ಸಂದರ್ಭಗಳು ಹಲವು. ಹೋಗಿಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುವ ದಾರಿಯಲ್ಲಿ ಅಂತಹ ನೂರು ಪ್ರಶ್ನೆಗಳಿಗೆ ಹತ್ತು ಸೆಕೆಂಡು ಬೇಕು. ತಂತಿಯ ಸಾಮರ್ಥ್ಯ ಎಷ್ಟೇ ಹೆಚ್ಚಿದರೂ ಈ ಕಾಲ ಕಡಿಮೆಯಾಗದು. ಎರಡನೆಯದು ಚಿತ್ರಗಳ ಭಾರ. ೧,೨೦೦ಕ್ಕೆ ೮೦೦ ಬಿಂದುಗಳ ಕಿಟಕಿಯನ್ನು ಪೂರ್ತಿಯಾಗಿ ಬರೆಯಲು ಬಿಂದುವಿಗೆ ನಾಲ್ಕು ಬೈಟ್‌ಗಳಂತೆ ೩.೮೪ ಮೆಗಾಬೈಟ್ ಬೇಕು. ಸೆಕೆಂಡಿಗೆ ೧೦ ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಅದಕ್ಕೆ ಮೂರು ಸೆಕೆಂಡುಗಳು. ಗರಿಯನ್ನು ಎಡದಿಂದ ಬಲಕ್ಕೆ ಸರಿಸಿದಷ್ಟು ಸಲ ಈ ಮೂರು ಸೆಕೆಂಡು. ದೊಡ್ಡಕ್ಷರದ ಸಿ ಸೇರಿಸಿ ಸಂಕೋಚನವನ್ನು ಕೇಳಿಕೊಂಡರೆ ಮಂದವಾದ ಸಂಪರ್ಕದಲ್ಲಿ ಕೊಂಚ ಉಪಶಮನ ದೊರೆಯುತ್ತದೆ. ಒಂದೇ ಕಟ್ಟಡದೊಳಗಿನ ಜಾಲದಲ್ಲಿ ಈ ವಿಧಾನ ಸೊಗಸಾಗಿ ನಡೆಯುತ್ತದೆ. ಊರಿಂದೂರಿಗೆ ಹೋದಾಗ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ವೇಗಕ್ಕಿಂತಲೂ ದೊಡ್ಡ ಕೊರತೆ, ಸಂಪರ್ಕ ಕಡಿದರೆ ತಂತ್ರಾಂಶವೂ ಸಾಯುವುದು. ವಿದ್ಯುತ್ ಹೋಗಿ ನಮ್ಮ ಯಂತ್ರ ನಿಂತರೆ ದೂರದ ತಂತ್ರಾಂಶಕ್ಕೆ ತನ್ನ ತೆರೆಯೇ ಇಲ್ಲವಾಗುತ್ತದೆ. ಅದರಲ್ಲಿ ಉಳಿಸದೆ ಇದ್ದ ಟಿಪ್ಪಣಿಗಳು ಅದರೊಡನೆ ಹೋಗುತ್ತವೆ. ಇದಕ್ಕೆ ಪರಿಹಾರವಾಗಿ ಎಕ್ಸ್‌ಪ್ರಾ ಎಂಬ ತಂತ್ರಾಂಶ ಇದೆ. ಅದು ದೂರದ ಯಂತ್ರದಲ್ಲಿಯೇ ಅದೃಶ್ಯವಾದ ತೆರೆಯೊಂದನ್ನು ನಿಲ್ಲಿಸಿ, ಎಸ್‌ಎಸ್‌ಎಚ್ ಮೂಲಕ ಕಿಟಕಿಗಳನ್ನು ಸಂಕೋಚಿಸಿ ಕಳುಹಿಸುತ್ತದೆ. ಸಂಪರ್ಕ ಕಡಿದರೂ ಕೆಲಸ ಅಲ್ಲಿ ಉಳಿದಿರುತ್ತದೆ, ಮತ್ತೆ ಹೋಗಿ ಕೂಡಿಕೊಳ್ಳಬಹುದು. ಎಕ್ಸ್‌ಟೂಗೋ ಎಂಬುದೂ ಇದೇ ಪ್ರಯೋಜನದ್ದು. ವಿಎನ್‌ಸಿ ಬಳಸುವವರೂ ಅನೇಕರು. ಇಡೀ ತೆರೆಯನ್ನೇ ಚಿತ್ರವಾಗಿ ಕಳುಹಿಸುವ ಅದರ ದ್ವಾರವನ್ನು ಹೊರಜಾಲಕ್ಕೆ ನೇರವಾಗಿ ತೆರೆದಿಡದೆ ಎಸ್‌ಎಸ್‌ಎಚ್ ಸುರಂಗದೊಳಗಿಂದಲೇ ತರಬೇಕು. ಗರಿಗಳನ್ನು ದೀರ್ಘಕಾಲ ಓದುವ ಕೆಲಸಕ್ಕೆ ನಾನು ಈಗ ಎಕ್ಸ್‌ಪ್ರಾವನ್ನೇ ಬಳಸುತ್ತೇನೆ. ಕ್ಷಣಕಾಲ ಒಂದು ಕಿಟಕಿ ತೆರೆದು ನೋಡಿ ಮುಚ್ಚುವುದಕ್ಕೆ ಹಳೆಯ ವಿಧಾನವೇ ಸಾಕು.

ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆ ಬರುತ್ತಿರುವುದು ೨೦೦೮ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್. ಒಂದು ಕಿಟಕಿ ಮತ್ತೊಂದರ ಕೀಲಿಗಳನ್ನು ಓದುವ ದೋಷ ಅದರಲ್ಲಿಲ್ಲ. ದೂರದಿಂದ ಬರುವ ಕಿಟಕಿಗಳನ್ನು ತೋರಿಸುವ ಗುಣವೂ ಅದರ ಮೂಲರಚನೆಯಲ್ಲಿಲ್ಲ. ನಮ್ಮ ಯಂತ್ರದಲ್ಲಿ ವೇಲ್ಯಾಂಡ್ ಇದ್ದರೂ ಎಕ್ಸ್‌ವೇಲ್ಯಾಂಡ್ ಎಂಬ ಮಧ್ಯವರ್ತಿಯು ಹಳೆಯ ಎಕ್ಸ್ ತಂತ್ರಾಂಶಗಳನ್ನು ಒಳಗೆ ಕರೆದುಕೊಳ್ಳುವುದರಿಂದ ಮೇಲೆ ಹೇಳಿದ ಆಜ್ಞೆಗಳು ಇನ್ನೂ ಸಾಗುತ್ತವೆ. ವೇಲ್ಯಾಂಡನ್ನೇ ಅರಿತ ತಂತ್ರಾಂಶಗಳಿಗೆ ೨೦೧೯ರಲ್ಲಿ ಬಂದ ವೇಪೈಪ್ ಎಂಬುದು ಎಸ್‌ಎಸ್‌ಎಚ್‌ನೊಡನೆ ಸೇರಿ ಇದೇ ಕೆಲಸ ಮಾಡುತ್ತದೆ. ಆದರೆ ಅದು ಎರಡು ಯಂತ್ರಗಳಲ್ಲಿಯೂ ಸ್ಥಾಪಿತವಾಗಿರಬೇಕು. ಆದುದರಿಂದ ಸಂಗ್ರಹದ ಆಡಳಿತಗಾರರಿಗೆ ಮೊದಲೇ ಬರೆದು ಕೇಳಿಕೊಳ್ಳತಕ್ಕದ್ದು. ಹಾಗೆ ಬರೆಯುವಾಗಲೇ ತಮಗೆ ಪ್ರತ್ಯೇಕವಾದ ಬಳಕೆದಾರನ ಹೆಸರನ್ನೂ ಕೇಳಿಕೊಳ್ಳಬಹುದು.